ಒಂದೇ ಹನಿ

ತೀರಿಕೊಂಡ ಎಲ್ಲರಂತೆ ಶ್ರೀಕಂಠಯ್ಯನವರೂ ಗ್ರಾಮಫೋನ್ ರೆಕಾರ್ಡ್ ಆಗಿ ಮನೆಗೆ ಮರಳಿದ್ದರು. ಇಂದು ಬೆಳಗಿನಿಂದ ತಿರುಗಲಾರದೆ ಮುಲುಗುತ್ತಿದ್ದರು.

"ಬೇರಿಂಗ್ ಒಣಗಿದೆ ಕಣೇ. ಒಂದೇ ಹನಿ ಎಣ್ಣೆ ಬಿಡು, ಜಾಸ್ತಿ ಬೇಡ."

ಹೆಂಡತಿ ತುಂಗಮ್ಮ ಅವರನ್ನು ಗ್ರಾಮಫೋನಿನಿಂದ ಇಳಿಸಿ ದಿಂಬಿನ ಮೇಲೆ ಮಲಗಿಸಿದರು. ತಿರುಗುವ ತಟ್ಟೆಯನ್ನು ಅದರ ಕಡ್ಡಿಯ ಸಮೇತ ಮೇಲೆತ್ತಿ, ಕೆಳಗಿನ ಕುಳಿಯ ಕಪ್ಪು ಜಿಡ್ಡನ್ನು ಒರೆಸಿ, ಅದರ ತಳದ ಪುಟ್ಟ ಉಕ್ಕಿನ ಗುಂಡನ್ನೂ ಒರೆಸಿ ಮತ್ತೆ ಕೂರಿಸಿದರು. ಹೊಲಿಗೆ ಮಿಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟರು. ತುಸು ಯೋಚಿಸಿ ಇನ್ನೂ ಎರಡು ಹನಿ ಬಿಟ್ಟರು. ಕಡ್ಡಿ ತಾನಾಗಿಯೇ ನಿಧಾನವಾಗಿ ಕುಳಿಯೊಳಗೆ ಇಳಿಯಿತು.

ಗಂಡನನ್ನು ಮತ್ತೆ ತಟ್ಟೆಯ ಮೇಲಿಟ್ಟು ಮುಳ್ಳು ತಾಗಿಸಿದರು.

"ನೋವೇ ಇಲ್ಲ ನೋಡು," ಎಂದಿತು ಸಲೀಸಾದ ದನಿ. "ಒಂದೇ ಹನಿ ಸಾಕು ಅಂತ ನಾನು ಹೇಳಿರಲಿಲ್ವಾ?"

ತುಂಗಮ್ಮ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡರು.

"ಹೇಳಿದ್ರಿ. ನಿಮ್ಮ ಮಾತನ್ನ ನಾನು ಯಾವತ್ತು ಮೀರಿದ್ದೀನಿ?"