ಒಬ್ಬಳೇ ಶ್ರೋತೃ

ವಿದ್ಯಾರ್ಥಿಗಳೇ ನಡೆಸುವ ಕಾಲೇಜು ಬಾನುಲಿ ಶುರುವಾದಾಗ ಮಾತಾಡಲು ಇಬ್ಬರೇ ಇದ್ದರು. ಈಗ ಕಾಲೇಜಿಗೆ ಕಾಲೇಜೇ ಮೈಕಿನ ಮುಂದೆ ಸಾಲುಗಟ್ಟಿತ್ತು.

ಪ್ರಿನ್ಸಿಪಾಲರು ಬಾನುಲಿಯ ಕಾರ್ಯದರ್ಶಿ ನಾಗವೇಣಿಯನ್ನು ಕರೆಸಿದರು. "ಎಲ್ಲಾರೂ ಮಾತಾಡೋರೇ ಆದ್ರೆ ಕೇಳೋರು ಯಾರಮ್ಮ? ಒಬ್ಬರನ್ನಾದ್ರೂ ಕರ್ಕೊಂಡು ಬಾ. ಇಲ್ಲಾಂದ್ರೆ ಬೀಗ ಹಾಕಿಸ್ತೀನಿ."

ನಾಗವೇಣಿ ತರಗತಿ ತರಗತಿ ಅಲೆದಳು. "ನಂದೂ ಒಂದು ಕಾರ್ಯಕ್ರಮ ಇದೆಯಲ್ಲಕ್ಕ" ಎಂದರು ಎಲ್ಲರೂ. ಕೊನೆಗೆ ಗ್ರಂಥಾಲಯದ ಮೂಲೆಯಲ್ಲಿ ರೇಡಿಯೊಗೆ ಕಿವಿಗೊಟ್ಟು ಕೂತ ಹುಡುಗಿಯೊಬ್ಬಳು ಕಂಡಳು. ನಿಧಿ ಸಿಕ್ಕವಳಂತೆ ಕೈಹಿಡಿದು ಪ್ರಿನ್ಸಿಪಾಲರ ಮುಂದೆ ಎಳೆತಂದಳು.

"ಏನೇನು ಕೇಳಿದ್ದೀಯಮ್ಮ?" ಎಂದರು ಪ್ರಿನ್ಸಿಪಾಲರು.

ಹುಡುಗಿ ಅರಳು ಹುರಿದಂತೆ ಹೇಳತೊಡಗಿದಳು: ಸೋಮವಾರದ ನಾಟಕ, ಹಾಸ್ಟೆಲ್ ಸಾರಿನ ವಾರ್ತೆ, ನಡುವೆ ನಾಗವೇಣಿ ಕೆಮ್ಮಿದ್ದು ಕೂಡ.

ನಾಗವೇಣಿಗೆ ಹೋದ ಜೀವ ಬಂತು.

ಪ್ರಿನ್ಸಿಪಾಲರು ತಲೆದೂಗಿದರು. "ಭೇಷ್! ಎಷ್ಟು ಚೆನ್ನಾಗಿ ಮಾತಾಡ್ತಾಳೆ! ನಾಗವೇಣಿ, ನಾಳೆಯಿಂದ ಬೆಳಗಿನ ಕಾರ್ಯಕ್ರಮ ಇವಳಿಗೇ ಕೊಟ್ಬಿಡು."