ಮೂರನೆಯ ತಿರುವು

ಎಡಗೈಗೆ ಮಗಳು, ಬಲಗೈಗೆ ಮಗ. ಇಬ್ಬರ ಬೆರಳುಗಳನ್ನೂ ಬಿಗಿಯಾಗಿ ಹಿಡಿದುಕೊಂಡು ಅವಳು ಭೂತಬಂಗಲೆಯ ಸಾಲಿನಲ್ಲಿ ಮುಂದಕ್ಕೆ ನುಗ್ಗಿದಳು. ಮಗಳು ಕಾಲೂರಿ ನಿಂತುಬಿಟ್ಟಳು.

"ಬೇಡಮ್ಮ. ಅಪ್ಪ ಅಲ್ಲಿಲ್ಲ. ನಿನಗೂ ಗೊತ್ತು."

"ನೋಡೋಣ ಬಾ."

"ಮಾವ ಏನಂದ್ರು? ಅವರನ್ನ ಇನ್ನು ಹುಡುಕಬೇಡ ಅಂದ್ರು ತಾನೇ?"

ಅಂದದ್ದು ನಿಜ. "ಹೋದವರ ದಾರಿ ಎಷ್ಟು ದಿನ ಅಂತ ಕಾಯ್ತೀಯ? ಎರಡು ಮಕ್ಕಳಿವೆ, ಎಲ್ಲಾದರೂ ಒಂದು ಕೆಲಸ ಹಿಡಿ" ಎಂದಿದ್ದ ಅಣ್ಣ. ಪಕ್ಕದ ಮನೆಯವಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಇವಳಿಗೆಂದು ಬೇರೊಂದು ಗಂಡನ್ನೇ ನೋಡಿದ್ದಳು. ಹೇಳದೆ ಕೇಳದೆ ಹೊರಟುಹೋದವನ ಅಂಗಿಯನ್ನು ವರ್ಷವಾದರೂ ಗೂಟದಿಂದ ಇಳಿಸದವಳಿಗೆ ತಲೆ ಕೆಟ್ಟಿದೆ ಎಂದವರೂ ಇದ್ದರು. ಅವಳು ಯಾರಿಗೂ ಎದುರಾಡಿರಲಿಲ್ಲ. ಅವನು ಎಲ್ಲಾದರೂ ಸಿಕ್ಕುವುದಿದ್ದರೆ ಇಲ್ಲೇ. ವಸ್ತುಪ್ರದರ್ಶನ ಶುರುವಾಯಿತೆಂದರೆ ಮನೆ ಮಠ ಮರೆಯುವ ಮನುಷ್ಯ.

ಬಸ್ಸಿಗೆ ಕೊಟ್ಟರೆ ಹೆಬ್ಬಾಗಿಲ ಟಿಕೆಟ್ಟಿಗೆ ಉಳಿಯುವುದಿಲ್ಲವೆಂದು ನಡೆದೇ ಬಂದಿದ್ದರು. ಚೀಲದಲ್ಲಿ ಬ್ರೆಡ್ಡು, ಬಾಳೆಹಣ್ಣು, ಮನೆಯ ನೀರು. ಬಹುಮಾನ ಬಂದ ಕುಂಬಳಕಾಯಿ, ಬಹುಮಾನ ಬಂದ ಹೋರಿ, ನಿಂತಲ್ಲೇ ತಿರುಗುವ ಹೊಸ ನಮೂನೆಯ ನೇಗಿಲು, ಹೀಗೆ ಬಿಟ್ಟಿ ನೋಡಬಹುದಾದುದನ್ನೆಲ್ಲ ಎರಡೆರಡು ಸಲ ನೋಡಿ ಮುಗಿಸಿದ್ದರು. ದೈತ್ಯಚಕ್ರದ ಕೆಳಗೆ ಮಗ ಕತ್ತು ನೋಯುವಷ್ಟು ಹೊತ್ತು ನಿಂತಿದ್ದ.

"ಇಲ್ಲಿಂದ ನೋಡಿದ್ರೇನೇ ಚೆಂದ ಕಣೋ," ಎಂದಿದ್ದಳು. "ಹತ್ತಿ ಕೂತವರಿಗೆ ಚಕ್ರ ಎಲ್ಲಿ ಕಾಣುತ್ತೆ ಪಾಪ!"

ಮಗ ಯೋಚಿಸಿ, ಹೌದೆಂದು ಒಪ್ಪಿಕೊಂಡಿದ್ದ. ಇನ್ನೂ ಒಪ್ಪುವ ವಯಸ್ಸು.

ಅವರ ಪಾಲಿಗೆ ಭೂತಬಂಗಲೆಯೂ ಬಿಟ್ಟಿಯೇ. ಮೂರನೆಯ ತಿರುವಿನ ಬಿಳಿ ದೆವ್ವವೆಂದರೆ ಮಕ್ಕಳ ಅಪ್ಪ. ಮುಖಕ್ಕೆ ಬಳಿದ ಪೌಡರು ಮೂಗಿಗೆ ಹೋಗಿ, ಒಂದರ ಹಿಂದೆ ಒಂದು ಸೀನುವ ದೆವ್ವ. ಕಿರುಚಬೇಕಾದ ಜನ ಹೊಟ್ಟೆ ಹಿಡಿದುಕೊಂಡು ನಗುತ್ತ ಹೊರಬಂದಾಗಲೆಲ್ಲ ಮಾಲೀಕ ತಲೆ ಚಚ್ಚಿಕೊಳ್ಳುತ್ತಿದ್ದ: "ಎಲ್ಲಿಂದ ಗಂಟುಬಿತ್ತಪ್ಪ ಈ ನೆಗಡಿ ದೆವ್ವ!" ಮನೆಯವರು ಬಂದರೆ ದೆವ್ವಕ್ಕೆ ಇನ್ನೊಂದು ಕೆಲಸವಿತ್ತು. ಕತ್ತಲಲ್ಲಿ ಮಗಳ ಜಡೆಯ ರಿಬ್ಬನ್ ಬಿಚ್ಚಿ ಮಗನ ಮಣಿಕಟ್ಟಿಗೆ ಕಟ್ಟಿಬಿಡುವುದು. ಬೆಳಕಿಗೆ ಬಂದೊಡನೆ ಅಕ್ಕ ತಮ್ಮನ ಮೇಲೆ ಎಗರುವಳು, "ನಾನಲ್ಲ, ದೆವ್ವ!" ಎಂದು ತಮ್ಮ ಅಮ್ಮನ ಸೆರಗಿಗೆ ನುಗ್ಗುವನು.

ಟಿಕೆಟ್ ಹರಿಯುವವನು ಅವಳನ್ನು ಕಂಡದ್ದೇ ಎದ್ದು ನಿಂತ. ಗಂಡನ ಜೊತೆ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದವನು.

"ಅತ್ತಿಗೆ! ಬನ್ನಿ, ಇಲ್ಲೇ ನೆರಳಲ್ಲಿ ಕೂತ್ಕೊಳ್ಳಿ. ಟೀ ತರಿಸ್ತೀನಿ. ಮಾಲೀಕರು ನಿಮ್ಮನ್ನೇ ಕೇಳ್ತಿದ್ರು."

"ಟೀ ಆಮೇಲಾಯ್ತು. ಮಕ್ಕಳನ್ನ ಒಂದು ಸುತ್ತು ಕರ್ಕೊಂಡು ಬರ್ತೀನಿ."

"ಒಳಗೇನಿದೆ ಅತ್ತಿಗೆ..." ಕಣ್ಣು ತಪ್ಪಿಸಿ ಪರದೆ ಎತ್ತಿದ.

ಮೊದಲ ತಿರುವಿನಲ್ಲಿ ಕೆಂಪು ಬಲ್ಬು, ದವಡೆ ಆಡಿಸುವ ಪ್ಲಾಸ್ಟಿಕ್ ಅಸ್ಥಿಪಂಜರ. ಎರಡನೆಯದರಲ್ಲಿ ಶವಪೆಟ್ಟಿಗೆಯಿಂದ ದಿಢೀರನೆ ಎದ್ದವನು ಅವಳ ಗುರುತು ಹಿಡಿದು, ಕಿರುಚುವುದನ್ನು ಅರ್ಧಕ್ಕೇ ನಿಲ್ಲಿಸಿ, ಮೆಲ್ಲಗೆ ಮತ್ತೆ ಮಲಗಿಕೊಂಡ.

ಮೂರನೆಯ ತಿರುವಿನಲ್ಲಿ ಬಲ್ಬೇ ಇರಲಿಲ್ಲ.

ಅವಳು ನಿಂತಳು. ಹಿಂದಿನಿಂದ ಬಂದವರು ಗೊಣಗಿಕೊಂಡು ಪಕ್ಕದಿಂದ ದಾಟಿಹೋದರು. ಅವರ ಕಾಲಸಪ್ಪಳವೂ ಅಡಗಿತು. ತಗಡಿನ ಗೋಡೆ ಬಿಸಿಲಿಗೆ ಟಕ್ ಎಂದಿತು. ಅವಳ ಎರಡೂ ಕೈಗಳು ಬೆವತಿದ್ದವು, ಆದರೆ ಹಿಡಿತ ಸಡಿಲಿಸಲಿಲ್ಲ.

"ನೋಡು," ಮಗಳ ದನಿ ಒಡೆಯಿತು. "ಇಲ್ಲ ಅಂದೆನಲ್ಲ."

"ಶ್..."

"ಹೋಗೋಣಮ್ಮ, ನನಗೆ..."

ಆಕ್ಷೀ!

ತೀರ ಹತ್ತಿರದಲ್ಲಿ. ಅದರ ಬೆನ್ನಿಗೇ ಇನ್ನೊಂದು.

ಮಗ ಕಿಲಕಿಲ ನಕ್ಕ. ಅವಳು ಕತ್ತಲಿನತ್ತ ಒಮ್ಮೆ ಮುಖ ಮಾಡಿ, ಮಕ್ಕಳನ್ನು ಎಳೆದುಕೊಂಡು ನಡೆದಳು.

ಹೊರಗಿನ ಬಿಸಿಲು ಕಣ್ಣಿಗೆ ಚುಚ್ಚಿತು. ಆಗ ಕೈ ಬಿಟ್ಟಳು. ಅದುವರೆಗೂ ಅವಳ ಮುಷ್ಟಿಯಲ್ಲೇ ಇದ್ದ ಮಗನ ಕೈಯ ಮಣಿಕಟ್ಟಿನಲ್ಲಿ ನೀಲಿ ರಿಬ್ಬನ್ ಇತ್ತು. ಎರಡು ಗಂಟು. ಮಗಳ ಜಡೆ ಬಿಚ್ಚಿಹೋಗಿತ್ತು; ಕೂದಲಿಗೆ ಬೆಳ್ಳಗೆ ಪೌಡರು ಮೆತ್ತಿತ್ತು.

"ನಾನಲ್ಲ," ಮಗ ಮೊದಲೇ ಸೆರಗು ಹಿಡಿದುಕೊಂಡ.

ಅಕ್ಕ ಎಗರಲಿಲ್ಲ. ಕೂದಲನ್ನು ಮುಟ್ಟಿಕೊಂಡು, ಬೆರಳು ಮೂಸಿದಳು.

ಮಾಲೀಕ ಬಾಗಿಲಲ್ಲೇ ಕಾಯುತ್ತಿದ್ದ. ಅವನ ತೋಳಿನ ಮೇಲೆ ಒಗೆದು ಮಡಿಸಿದ ಬಿಳಿ ನಿಲುವಂಗಿ.

"ನೀನೇ ಬಂದಿದ್ದು ಒಳ್ಳೇದಾಯ್ತು ತಾಯಿ," ಎಂದು ಅದನ್ನು ಅವಳ ಮುಂದೆ ಚಾಚಿದ. "ಒಳಗಿನ ವೈರೆಲ್ಲ ಕಿತ್ತು ಹೊಸದು ಹಾಕಿಸಿದ್ದೀನಿ. ಇನ್ನು ಯಾರಿಗೂ ಶಾಕ್ ಹೊಡೆಯಲ್ಲ, ನನ್ನ ಮಕ್ಕಳಾಣೆ. ಅವನು ಅಲ್ಲೇ ಜೀವ ಬಿಟ್ಟ ಮೇಲೆ ಆ ತಿರುವಲ್ಲಿ ನಿಲ್ಲೋಕೆ ಒಬ್ಬನೂ ಒಪ್ಪಲಿಲ್ಲ. ಸಂಬಳ ಅವನಿಗೆ ಕೊಡ್ತಿದ್ದಷ್ಟೇ ಕೊಡ್ತೀನಿ. ನಿನಗೇ ಇರ್ಲಿ ಅಂತ ಅವನ ಜಾಗ ಖಾಲಿ ಬಿಟ್ಟಿದ್ದೀನಿ."

ಅವಳು ಮಗನ ಮಣಿಕಟ್ಟನ್ನು ನೋಡಿದಳು. ನಿಲುವಂಗಿಯನ್ನು ಹಿಂದಕ್ಕೆ ತಳ್ಳಿದಳು.

"ಬೇಡ. ಖಾಲಿ ಇಲ್ಲ."