ಆಕ್ಟೋಪಸ್ಸಿಗೆ ಯಾವ ಬಣ್ಣ?

“ಇದರ ಖರೇ ಬಣ್ಣಾ ಯಾವದವಾ?” ಹೊಳಬಸಪ್ಪ ಕುಂಚ ಹಿಡಿದು ಕೇಳಿದ. ಮಗಳ ಮೊಬೈಲಿನಲ್ಲಿ ಆಕ್ಟೋಪಸ್ಸು ಕಲ್ಲಿನ ಮೇಲೆ ಕೂತು ಕಲ್ಲಿನ ಬಣ್ಣವಾಯಿತು, ಪಾಚಿಗೆ ಸರಿದು ಪಾಚಿಯ ಬಣ್ಣವಾಯಿತು.

“ಖರೇದು ಅಂತ ಒಂದಿಲ್ಲಪಾ. ಕುಂತಲ್ಲಿ ಆ ಬಣ್ಣಾ,” ಎಂದಳು ಗಂಗಾ.

ಕಲಘಟಗಿಯ ತೊಟ್ಟಿಲುಗಳಿಗೆ ಜೀವಮಾನವಿಡೀ ಕೃಷ್ಣ, ಗಿಳಿ, ನವಿಲು ಬರೆದವನಿಗೆ ಇದೆಂಥ ಫಜೀತಿ! ಅವನ ಅರಗಿನ ಬಣ್ಣ ಒಮ್ಮೆ ಹಿಡಿದರೆ ಮೊಮ್ಮಕ್ಕಳ ಕಾಲಕ್ಕೂ ಬಿಡುವುದಿಲ್ಲ. ಕಾರವಾರದಲ್ಲಿ ಕಡಲ ಜೀವಿಗಳನ್ನು ಅಭ್ಯಾಸ ಮಾಡುವ ಮಗಳು ಬಾಣಂತನ ಮುಗಿಸಿ ನಾಳೆ ಹೊರಡುವವಳು. ತವರಿನ ತೊಟ್ಟಿಲೂ ಜೊತೆಗೆ ಹೋಗಬೇಕು. ಉಳಿದೆಲ್ಲ ಬರೆದು ಮುಗಿದಿತ್ತು; ತಲೆಯ ಕಡೆಯ ಹಲಗೆಗೆ ಅವಳು ಬೇಡಿದ್ದು ಇದೊಂದೇ ಚಿತ್ರ.

“ಮಲಗಿದಾಗರ ಒಂದ ಬಣ್ಣಾ ಇರತೈತಿಲ್ಲೋ?”

“ನಿದ್ದ್ಯಾಗೂ ಬದಲಾಗತೈತಿ.”

ಹೊಳಬಸಪ್ಪ ಕುಂಚವನ್ನು ಕೆಂಪಿಗೆ ಅದ್ದಿ ಒರೆಸಿದ. ಹಸಿರಿಗೆ ಅದ್ದಿ ಅದನ್ನೂ ಒರೆಸಿದ. “ಹಂಗಾರ ಅದರವ್ವ ಅದನ್ನ ಹೆಂಗ ಗುರ್ತ ಹಿಡೀತಾಳ?”

ಗಂಗಾ ತೊಡೆಯ ಮೇಲಿನ ಕೂಸನ್ನು ತಟ್ಟುತ್ತ ಹೇಳಿದಳು: “ಅವ್ವ ಇರೂದಿಲ್ಲಪಾ. ತತ್ತಿ ಒಡಿಯೂ ತನಕಾ ಕಾವಲ ಕುಂದರತಾಳ, ಒಂದ ತುತ್ತ ತಿನ್ನೂದಿಲ್ಲ. ಮರಿ ಹೊರಗ ಬರೂದರಾಗ ಸತ್ತಹೋಗತಾಳ.”

ಮಗಳಿಗೆ ಅಂಟಿನುಂಡಿ ತಂದ ರೇಣುಕವ್ವ ಬಾಗಿಲಲ್ಲೇ ನಿಂತಳು. “ಬಿಡ್ತು ಅನ್ನು! ಕೂಸಿನ ತೊಟ್ಟಲಕ್ಕ ಸಾಯೂದನ್ನ ಬರಸ್ತೀಯಾ? ಏನ್ರೀ, ಅದನ್ನ ಬರದ್ರ ನಾ ತೊಟ್ಟಲಾ ಹೊಸ್ತಲಾ ದಾಟಿಸೂದಿಲ್ಲ.”

“ಯವ್ವಾ, ಅಲ್ಲೆ ಕೂಸಿನ ಕಾವಲಿಗೆ ನೀ ಇರೂದಿಲ್ಲ. ಅದಕ್ಕ ಆ ಅವ್ವ ಬೇಕು,” ಎಂದಳು ಗಂಗಾ. ಕಣ್ಣು ತುಂಬಿದ್ದವು.

ರೇಣುಕವ್ವನಿಗೆ ಏನೂ ತಿಳಿಯಲಿಲ್ಲ, ಸಿಟ್ಟಿನಿಂದ ಒಳಗೆ ಹೋದಳು. ಹೊಳಬಸಪ್ಪನಿಗೆ ತಿಳಿದದ್ದೂ ಅಷ್ಟಕ್ಕಷ್ಟೇ. ಇತ್ತ ಹೆಂಡತಿ, ಅತ್ತ ಮಗಳು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದ.

ಮರುದಿನ ಮುಂಜಾನೆ ರೇಣುಕವ್ವ ತೊಟ್ಟಿಲನ್ನು ಸುತ್ತಲೂ ನೋಡಿದಳು. ಕೃಷ್ಣ, ಗಿಳಿ, ನವಿಲು ಎಲ್ಲ ಇದ್ದವು. ತಲೆಯ ಕಡೆಯ ಹಲಗೆ ಮಾತ್ರ ಬರಿ ಕಟ್ಟಿಗೆ. “ಅದನ್ನ ಬರೀಲಿಲ್ಲಲ್ಲ, ಛಲೋ ಮಾಡಿದ್ರಿ,” ಎಂದು ಸಮಾಧಾನದಿಂದ ಕುಂಕುಮ ಹಚ್ಚಿದಳು. ಹೊಳಬಸಪ್ಪ ಸಣ್ಣ ಉಳಿಯೊಂದನ್ನು ಒರೆಸಿ ಪೆಟ್ಟಿಗೆಗೆ ಹಾಕಿದ.

ಗಂಗಾ ಆ ಹಲಗೆಯ ಮೇಲೆ ಕೈಯಾಡಿಸಿದಳು. ಬೆರಳಿಗೆ ಕೂದಲೆಳೆಯಷ್ಟು ಸಣ್ಣ ಗೀರು ತಾಗಿತು. ಅದು ಬಾಗಿ, ಸುರುಳಿ ಸುತ್ತಿ, ಇನ್ನೊಂದು ಗೀರಿಗೆ ಕೂಡಿಕೊಂಡಿತು. ಎಂಟೂ ಕಾಲು ಚಾಚಿಕೊಂಡು, ಕಟ್ಟಿಗೆಯ ಮೇಲೆ ಕೂತು ಕಟ್ಟಿಗೆಯ ಬಣ್ಣವೇ ಆಗಿತ್ತು ಅದು. ಅವಳ ಬೆರಳು ಅಲ್ಲಿಂದ ಏಳಲೇ ಇಲ್ಲ.

“ಅಲ್ಲೇನ ಹುಡಕಾಕತ್ತೀಬೇ?” ರೇಣುಕವ್ವ ಕೇಳಿದಳು.

“ಅವ್ವನ್ನ.”

“ಹುಚ್ಚಿ! ನಾ ಇಲ್ಲೇ ಅದೀನಲ್ಲ,” ಎಂದಳು ರೇಣುಕವ್ವ.